ಗಾಂಧಿನಗರದ ಹಳೇ ವಿಳಾಸಗಳು

ಸ್ಯಾಂಕಿ ರಸ್ತೆಯಲ್ಲಿ ಹೋಗುವ ಬಸ್ಸಿನ ಕಂಡಕ್ಟರ್ ಇವತ್ತಿಗೂ "ಕಾವೇರಿ ಥಿಯೇಟರ್ ಇಳಿಯೋರು ಮುಂದೆ ಬನ್ರೀ" ಅಂತ ಕೂಗುತ್ತಾರೆ. 1974ರಲ್ಲಿ ಶುರುವಾದ ಆ ಥಿಯೇಟರ್ 2024ರಲ್ಲಿ ಬಾಗಿಲು ಹಾಕಿತು, ಆಮೇಲೆ ಕಟ್ಟಡವನ್ನೂ ಕೆಡವಿದರು. ಸ್ಟಾಪ್ ಮಾತ್ರ ಹಾಗೇ ಇದೆ. ಜಯನಗರದ ಕಡೆ ಹೋದರೆ ನಂದಾ ಟಾಕೀಸಿನ ಕಥೆಯೂ ಅದೇ. ಮಿನರ್ವ ಟಾಕೀಸ್ ಹೋಗಿ ಸರ್ಕಲ್ ಉಳಿದಿದೆ. ಮೆಜೆಸ್ಟಿಕ್ಕಿನದಂತೂ ಹೇಳುವುದೇ ಬೇಡ. ಅಷ್ಟೊಂದು ಜನ ಹತ್ತಿ ಇಳಿಯುವ ಆ ಇಡೀ ಪ್ರದೇಶಕ್ಕೆ ಹೆಸರು ಕೊಟ್ಟ ಟಾಕೀಸು ಯಾವ ಮೂಲೆಯಲ್ಲಿತ್ತು ಅಂತ ಅಲ್ಲೇ ನಿಂತು ನಾಲ್ಕು ಜನರನ್ನು ಕೇಳಿ ನೋಡಿ, ಐದನೆಯವರು ನಿಮ್ಮನ್ನೇ "ಯಾವ ಬಸ್ ಬೇಕಿತ್ತು?" ಅಂತ ಕೇಳುತ್ತಾರೆ.

ಇದರ ಬಗ್ಗೆ ಹಳಹಳಿಕೆ ಬರೆಯುವ ಉದ್ದೇಶ ನನಗಿಲ್ಲ. ಥಿಯೇಟರುಗಳಿಗೆ ಹೇಗೂ ಶ್ರದ್ಧಾಂಜಲಿ ಸಿಗುತ್ತದೆ. 1968ರಲ್ಲಿ ತೆರೆದ ಕಪಾಲಿ 2017ರಲ್ಲಿ ಮುಚ್ಚಿದಾಗ ಪತ್ರಿಕೆಗಳು ಅರ್ಧರ್ಧ ಪುಟ ಬರೆದವು. ಜನ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಯಾವ ಸಿನಿಮಾ ಯಾರ ಜೊತೆ ನೋಡಿದ್ದು, ಬ್ಲ್ಯಾಕಿನಲ್ಲಿ ಟಿಕೆಟ್ ಎಷ್ಟಾಗಿತ್ತು, ಎಲ್ಲ ನೆನಪೂ ಹೊರಗೆ ಬಂತು. ನನ್ನನ್ನು ಕೊರೆಯುತ್ತಿರುವುದು ಬೇರೆ. ಅದೇ ರಸ್ತೆಗಳ ಹಿಂಬದಿಯಲ್ಲಿ, ಗಾಂಧಿನಗರದ ಮೇನು ಕ್ರಾಸುಗಳಲ್ಲಿ, ಮಹಡಿ ಮೇಲಿನ ಕೋಣೆಗಳಲ್ಲಿ ಸಿನಿಮಾ ಮಾಡಿದವರ, ಹಂಚಿದವರ, ಬರೆದವರ, ಹೊಲಿದವರ ಜಾಗಗಳಿದ್ದವು. ಹಂಚಿಕೆದಾರರ ಆಫೀಸು, ಸ್ಟಿಲ್ ಫೋಟೋಗ್ರಾಫರ್‌ನ ಡಾರ್ಕ್ ರೂಮು, ಬ್ಯಾನರ್ ಬರೆಯುವವರ ಶೆಡ್ಡು, ಕಾಸ್ಟ್ಯೂಮ್ ಟೈಲರ್ ಅಂಗಡಿ, ಕಥೆ ಕೂರಿಸುತ್ತಿದ್ದ ಹೋಟೆಲ್ ರೂಮು. ಇವು ಒಂದೊಂದಾಗಿ ಹೋದವು, ಯಾರೂ ಗೇಟಿನ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿಲ್ಲ. ತೆಗೆಸಿಕೊಳ್ಳಲು ಗೇಟೂ ಇರಲಿಲ್ಲ ಅನ್ನಿ. ಪ್ರೇಕ್ಷಕರ ನೆನಪು ಗಟ್ಟಿ, ಕಸುಬಿನವರ ನೆನಪು ಬಡಕಲು. ನಾವು ಸಿನಿಮಾ ಇತಿಹಾಸ ಅಂತ ಕರೆಯುತ್ತಿರುವುದು ಬಹುಪಾಲು ಪ್ರೇಕ್ಷಕರ ನೆನಪನ್ನೇ.

ಪೆಟ್ಟಿಗೆ ಹೊತ್ತವರ ದಾರಿ

ಈ ಯೋಚನೆ ತಲೆಗೆ ಹೊಕ್ಕಿದ್ದು ಒಬ್ಬ ಹಿರಿಯರ ಜೊತೆ ಗಾಂಧಿನಗರದಲ್ಲಿ ಓಡಾಡಿದಾಗ. ಅವರು ಫಿಲಂ ರೆಪ್ರೆಸೆಂಟೇಟಿವ್ ಆಗಿದ್ದವರು. ಈಗಿನವರಿಗೆ ಆ ಕೆಲಸ ಏನೆಂದು ಹೇಳಬೇಕಾಗುತ್ತದೆ. ಹಂಚಿಕೆದಾರರು ಪ್ರಿಂಟನ್ನು ಯಾವುದೋ ಊರಿನ ಟಾಕೀಸಿಗೆ ಕಳಿಸಿದಾಗ, ಅದರ ಜೊತೆ ಹೋಗಿ, ಅಲ್ಲೇ ಬಿಡಾರ ಹೂಡಿ, ಪ್ರತಿ ಆಟಕ್ಕೂ ಎಷ್ಟು ಟಿಕೆಟ್ ಹೋಯಿತು ಅಂತ ಕಣ್ಣಿಟ್ಟು, ದಿನದ ಡಿಸಿಆರ್‌ಗೆ ಸಹಿ ಹಾಕಿಸಿಕೊಂಡು, ಲೆಕ್ಕವನ್ನು ಆಫೀಸಿಗೆ ಮುಟ್ಟಿಸುವವನೇ ರೆಪ್ರೆಸೆಂಟೇಟಿವ್. ಡಿಸಿಆರ್ ಅಂದರೆ ಡೈಲಿ ಕಲೆಕ್ಷನ್ ರಿಪೋರ್ಟ್. ಟಾಕೀಸಿನವರಿಗೆ ಇವರನ್ನು ಕಂಡರೆ ಆಗದು, ಊಟ ತಿಂಡಿ ಮಾತ್ರ ಅವರೇ ಕೊಡಬೇಕು. ಬಾಲ್ಕನಿ ತುಂಬಿದ್ದರೂ ಲೆಕ್ಕದಲ್ಲಿ ಅರ್ಧ ಖಾಲಿ ತೋರಿಸುವ ಮ್ಯಾನೇಜರ್ ಜೊತೆ ರಾತ್ರಿ ಹನ್ನೊಂದಕ್ಕೆ ಜಗಳ, ಬೆಳಿಗ್ಗೆ ಅದೇ ಮ್ಯಾನೇಜರ್ ಕಳಿಸಿದ ಇಡ್ಲಿ. ಯಜಮಾನರು ಇದನ್ನೆಲ್ಲ ಹೇಳುವಾಗ ಒಂದು ಚೂರೂ ನಗುವುದಿಲ್ಲ, ಅದೇ ನಗು ತರಿಸುವುದು.

"ಸಿನಿಮಾದವ್ರೆಲ್ಲ ಗಾಂಧಿನಗರಕ್ಕೇ ಯಾಕೆ ಬಂದು ಸೇರ್ಕೊಂಡ್ರು ಹೇಳಿ ನೋಡೋಣ" ಅಂದರು. ಥಿಯೇಟರುಗಳು ಹತ್ತಿರ ಇದ್ದವಲ್ಲ ಸರ್, ಅದಕ್ಕೆ ಅಂದೆ. "ಥಿಯೇಟರ್ ಆಯ್ತು. ಬಸ್ ಸ್ಟ್ಯಾಂಡು?" ಅಂತ ನಿಲ್ಲಿಸಿದರು. ಎರಡೂವರೆ ಗಂಟೆಯ ಸಿನಿಮಾ ಅಂದರೆ 35 ಎಂಎಂನಲ್ಲಿ 13,000 ಅಡಿ ದಾಟುವ ಫಿಲಂ. ಅದನ್ನು ಸುತ್ತಿದ ರೀಲುಗಳು, ರೀಲುಗಳ ತಗಡಿನ ಡಬ್ಬಗಳು, ಡಬ್ಬಗಳನ್ನು ತುಂಬಿದ ಪೆಟ್ಟಿಗೆ. ಗುರುವಾರ ರಾತ್ರಿ ಆ ಪೆಟ್ಟಿಗೆ ಬಸ್ಸಿನ ಟಾಪಿಗೋ ರೈಲಿನ ಪಾರ್ಸೆಲ್ ಬೋಗಿಗೋ ಏರದಿದ್ದರೆ ಶುಕ್ರವಾರ ಹಾಸನದಲ್ಲಿ ಪರದೆ ಬೆಳಗುವುದಿಲ್ಲ. ಒಂದು ಕಡೆ ಸಿಟಿ ರೈಲ್ವೆ ಸ್ಟೇಷನ್, ಇನ್ನೊಂದು ಕಡೆ ಬಸ್ ನಿಲ್ದಾಣ, ನಡುವೆ ಕೂಲಿಯವನು ತಲೆಹೊರೆಯಲ್ಲಿ ಹೊತ್ತು ಹೋಗುವಷ್ಟು ದೂರದಲ್ಲಿ ಗಾಂಧಿನಗರ. ಬಿಕೆಟಿ ಅಂದರೆ ಬೆಂಗಳೂರು, ಕೋಲಾರ, ತುಮಕೂರು. ಎಂಎಂಸಿಎಚ್ ಅಂದರೆ ಮೈಸೂರು, ಮಂಡ್ಯ, ಕೂರ್ಗ್, ಹಾಸನ. ರಾಜ್ಯವನ್ನು ಹೀಗೆ ಏರಿಯಾಗಳಾಗಿ ಹರಿದು ಹಂಚಿಕೊಂಡ ವ್ಯಾಪಾರಕ್ಕೆ ಸಾಗಣೆಯೇ ಜೀವ. ಕಲೆಗಾರರು ಬಂದು ಗಾಂಧಿನಗರ ಆಯಿತು ಅಂತ ನಾವು ಅಂದುಕೊಂಡಿದ್ದರೆ, ಯಜಮಾನರ ಪ್ರಕಾರ ಮೊದಲು ಪೆಟ್ಟಿಗೆ ಬಂತು, ಅದರ ಹಿಂದೆ ದುಡ್ಡು ಬಂತು, ದುಡ್ಡು ಇರುವ ಕಡೆ ನಿರ್ಮಾಪಕ, ನಿರ್ಮಾಪಕ ಇರುವ ಕಡೆ ಚಾನ್ಸ್ ಕೇಳುವವರು. ಫಿಲಂ ಪೆಟ್ಟಿಗೆ ಹೋಗಿ ಡಿಜಿಟಲ್ ಬಂದ ಮೇಲೆ ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಇರಬೇಕೆಂಬ ಹಂಗೂ ತಪ್ಪಿತು. ಆಫೀಸುಗಳು ಊರ ತುಂಬ ಚದುರಿದವು. ಪತ್ರಿಕೆಯವರು ಇವತ್ತಿಗೂ "ಗಾಂಧಿನಗರದಲ್ಲಿ ಗುಸುಗುಸು" ಅಂತಲೇ ಬರೆಯುತ್ತಾರೆ, ಗುಸುಗುಸು ಮಾಡುವವರು ಬೇರೆ ಬಡಾವಣೆಯಲ್ಲಿ ಕೂತಿರುತ್ತಾರೆ.

ಅವತ್ತು ಅವರು ನನ್ನನ್ನು ಒಂದು ಕಟ್ಟಡದ ಮೆಟ್ಟಿಲ ಬಳಿ ಕರೆದುಕೊಂಡು ಹೋದರು. ಕೆಳಗೆ ಮೊಬೈಲ್ ಕವರು, ಚಾರ್ಜರ್ ಹೋಲ್‌ಸೇಲ್. ಪಕ್ಕದಲ್ಲಿ ಲಾಡ್ಜಿನ ಬೋರ್ಡು. ನಡುವೆ ಒಬ್ಬರು ಮಾತ್ರ ಹತ್ತಬಹುದಾದಷ್ಟು ಕಿರಿದಾದ ಮೆಟ್ಟಿಲು, ಕೆಂಪು ರೆಡ್ ಆಕ್ಸೈಡಿನದ್ದು. ನಾನು ಮೇಲೆ ನೋಡುತ್ತಿದ್ದೆ, ಅವರು ಕೆಳಗೆ ನೋಡಿ ಅಂದರು. ಪ್ರತಿ ಮೆಟ್ಟಿಲಿನ ಬಲತುದಿಯ ಅಂಚು ಒಡೆದು ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಎಡತುದಿ ನೆಟ್ಟಗೆ ಇತ್ತು. "ಇಳಿಯುವಾಗ ಪೆಟ್ಟಿಗೇನ ಬಲಗೈಲಿ ಹಿಡ್ಕೊಂಡು ಒಂದೊಂದೇ ಮೆಟ್ಟಿಲಿಗೆ ಜಾರಿಸ್ತಿದ್ವು. ಎಡಗೈ ಗೋಡೆಗೆ." ಗೋಡೆ ನೋಡಿದೆ. ಸೊಂಟದ ಎತ್ತರದಲ್ಲಿ, ಎಷ್ಟೋ ಸಲ ಸುಣ್ಣ ಬಳಿದರೂ ಮುಚ್ಚದ ಒಂದು ನುಣುಪು, ಕೈ ಉಜ್ಜಿ ಉಜ್ಜಿ ಆದದ್ದು. ತಿರುವಿನಲ್ಲಿ ನೀಲಿ ಬಣ್ಣದ ಬಾಣದ ಗುರುತು, ಅದರ ಪಕ್ಕ ಅರ್ಧ ಅಳಿಸಿದ ಅಕ್ಷರ: "...ರ್ಸ್ ಮಹಡಿ ಮೇಲೆ". ಪಿಕ್ಚರ್ಸ್ ಇರಬೇಕು, ಫಿಲಂ ಡಿಸ್ಟ್ರಿಬ್ಯೂಟರ್ಸೂ ಇರಬಹುದು. ಯಜಮಾನರಿಗೆ ಹೆಸರು ಗೊತ್ತಿತ್ತು, ಹೇಳಿದರು. ಅವರಾದ ಮೇಲೆ ಅದನ್ನು ಹೇಳುವವರು ಯಾರು ಅಂತ ನಾನು ಕೇಳಲಿಲ್ಲ, ಅಂಥ ಪ್ರಶ್ನೆಯನ್ನು ಎಂಬತ್ತರ ಹತ್ತಿರದ ಮನುಷ್ಯರಿಗೆ ಕೇಳಬಾರದು. ಮೇಲೆ ಹತ್ತಿ ಹೋದರೆ ಬಾಗಿಲು ಹಾಕಿತ್ತು. ರಟ್ಟಿನ ಪೆಟ್ಟಿಗೆಗಳ ಗೋಡೌನ್.

ಆ ಮೆಟ್ಟಿಲನ್ನು ಯಾವ ಕಾನೂನೂ ಸ್ಮಾರಕ ಅನ್ನುವುದಿಲ್ಲ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಪ್ರಾಚೀನ ಸ್ಮಾರಕ ಅನ್ನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು. ಕನ್ನಡ ಟಾಕಿಗೇ ಇನ್ನೂ ಅಷ್ಟು ವಯಸ್ಸಾಗಿಲ್ಲ. ಗಾಂಧಿನಗರದಲ್ಲಿ ಕಟ್ಟಡವೊಂದು ನೂರು ವರ್ಷ ಕಾಯುವುದು ಅಂದರೆ, ಆ ಚದರಡಿಯ ಬೆಲೆ ಗೊತ್ತಿರುವ ಯಾರೂ ನಗುತ್ತಾರೆ.

ಸಮಾಧಿ ಉಂಟು, ಸ್ಟುಡಿಯೋ?

ನಾವು ಕನ್ನಡಿಗರು ಸಿನಿಮಾದವರನ್ನು ಮರೆಯುತ್ತೇವೆ ಅಂತ ಯಾರೂ ಹೇಳುವ ಹಾಗಿಲ್ಲ. ಕಂಠೀರವ ಸ್ಟುಡಿಯೋಗೆ ಯಾವುದೇ ಭಾನುವಾರ ಹೋಗಿ. 2006ರ ಏಪ್ರಿಲ್‌ನಲ್ಲಿ ರಾಜ್‌ಕುಮಾರ್, ಆಮೇಲೆ ಪಾರ್ವತಮ್ಮ, 2018ರಲ್ಲಿ ಅಂಬರೀಶ್, 2021ರ ಅಕ್ಟೋಬರ್‌ನಲ್ಲಿ ಪುನೀತ್. ಮದುವೆ ಮುಗಿಸಿ ನೇರ ಅಲ್ಲಿಗೇ ಬಂದ ಗಂಡು ಹೆಣ್ಣನ್ನು, ಮಗುವನ್ನು ಸಮಾಧಿಯ ಕಲ್ಲಿಗೆ ಮುಟ್ಟಿಸುವ ತಾಯಂದಿರನ್ನು ನಾನೇ ನೋಡಿದ್ದೇನೆ. ಇದು ಪ್ರೀತಿ, ಇದರಲ್ಲಿ ಹುಳುಕು ಹುಡುಕುವವನು ನಾನಲ್ಲ. ಆದರೆ ಆ ಆವರಣ 1966ರಲ್ಲಿ ಆದದ್ದು ಸಮಾಧಿಗಾಗಿ ಅಲ್ಲವಲ್ಲ. ಸಿನಿಮಾ ಮಾಡಲು ಮದ್ರಾಸಿಗೆ ಓಡುವುದು ತಪ್ಪಲಿ ಅಂತ ಸರ್ಕಾರವೇ ಮುಂದೆ ನಿಂತು ಶುರು ಮಾಡಿದ ಸ್ಟುಡಿಯೋ ಅದು. ಅಲ್ಲಿನ ಫ್ಲೋರುಗಳಲ್ಲಿ ಯಾವ ಸೆಟ್ ಬಿತ್ತು, ಮೊದಲ ಲೈಟ್‌ಮನ್‌ಗಳು ಎಲ್ಲಿಂದ ಬಂದರು, ಮದ್ರಾಸಿನಿಂದ ಬಂದವರು ಇಲ್ಲಿನ ಹುಡುಗರಿಗೆ ಕೆಲಸ ಹೇಗೆ ಕಲಿಸಿದರು, ಇದನ್ನು ತಿಳಿಸುವ ಒಂದು ಫಲಕ ಇದ್ದರೆ ಹೂವಿನ ಹಾರ ಹಿಡಿದು ಬಂದವರು ಹೋಗುವಾಗ ಅದನ್ನೂ ಓದಿಕೊಂಡು ಹೋಗುತ್ತಿದ್ದರು.

ಅಭಿಮಾನ್ ಸ್ಟುಡಿಯೋ ವಿಷಯ ಎತ್ತಿದರೆ ಜಗಳ ಶುರುವಾಗುತ್ತದೆ, ಆದರೂ ಎತ್ತುತ್ತೇನೆ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಾಗ ಅಂತ್ಯಸಂಸ್ಕಾರ ಆದದ್ದು ಅಲ್ಲಿ. ಆಮೇಲಿನದು ನಿಮಗೆಲ್ಲ ಗೊತ್ತಿರುವ ಕಥೆ. ವರ್ಷಗಟ್ಟಲೆ ಜಾಗದ ತಕರಾರು, ಕೋರ್ಟು, ಕಡೆಗೆ ಸ್ಮಾರಕ ಮೈಸೂರಿನಲ್ಲಿ ಆಗಿ 2023ರ ಜನವರಿಯಲ್ಲಿ ಉದ್ಘಾಟನೆ, 2025ರ ಆಗಸ್ಟ್‌ನಲ್ಲಿ ಇಲ್ಲಿನ ಸಮಾಧಿಯ ನೆಲಸಮ, ಅಭಿಮಾನಿಗಳ ಕಣ್ಣೀರು, ಸಿಟ್ಟು. ಆ ಸಿಟ್ಟು ನನಗೂ ಬಂತು. ಆದರೆ ಇಷ್ಟೂ ವರ್ಷದ ಮಾತುಕತೆಯಲ್ಲಿ ಆ ನೆಲ ಒಂದು ಕಾಲಕ್ಕೆ ಏನಾಗಬೇಕಿತ್ತು ಅನ್ನುವುದು ಎಷ್ಟು ಸಲ ಬಂತು? ಟಿ.ಎನ್. ಬಾಲಕೃಷ್ಣ, ನಮ್ಮ ಬಾಲಣ್ಣ, ಕಿವಿ ಸರಿಯಾಗಿ ಕೇಳಿಸದ ಮನುಷ್ಯ. ಎದುರಿನವರ ತುಟಿ ನೋಡಿ ಡೈಲಾಗಿನ ಟೈಮಿಂಗ್ ಹಿಡಿಯುತ್ತಿದ್ದ ನಟ. ತೆರೆಯ ಮೇಲೆ ಖಳನ ಪಕ್ಕ ನಿಂತು ಜನರ ಕೈಲಿ ಬೈಸಿಕೊಂಡು ದುಡಿದದ್ದನ್ನು ತಂದು, ಸರ್ಕಾರ ಕೊಟ್ಟ 20 ಎಕರೆಯಲ್ಲಿ ಕನ್ನಡದ್ದೇ ಒಂದು ಸ್ಟುಡಿಯೋ ಆಗಲಿ ಅಂತ ಸುರಿದರು. ವ್ಯಾಪಾರಿಯಾಗಿ ಅವರು ಸೋತಿರಬಹುದು. ಆದರೆ ಕೇಳದ ಕಿವಿಯ ಒಬ್ಬ ಮನುಷ್ಯ ಟಾಕಿ ಸಿನಿಮಾಕ್ಕಾಗಿ ಶಬ್ದ ಹಿಡಿಯುವ ಮನೆ ಕಟ್ಟಲು ಹೊರಟಿದ್ದರಲ್ಲ, ಆ ಒಂದು ಸಂಗತಿಗಾದರೂ ಆ ಜಾಗದಲ್ಲಿ ಅವರ ಗುರುತು ಇರಬೇಕು. ಒಬ್ಬ ನಟನ ಸಮಾಧಿ ಇರಬೇಕೋ ಬೇಡವೋ ಅನ್ನುವ ವಾದದ ಅಡಿಯಲ್ಲಿ ಇನ್ನೊಬ್ಬ ನಟನ ಸ್ಟುಡಿಯೋ ಸದ್ದಿಲ್ಲದೆ ಹೂತುಹೋಯಿತು.

ಮೈಸೂರಿನ ಪ್ರೀಮಿಯರ್ ಸ್ಟುಡಿಯೋ ನೆನಪಾಗುವುದು ಬೆಂಕಿಯಿಂದ. 1989ರ ಫೆಬ್ರವರಿ 8, ಟಿಪ್ಪು ಧಾರಾವಾಹಿಯ ಚಿತ್ರೀಕರಣ, 62 ಜನ ಸತ್ತರು. ಸದ್ದು ಪ್ರತಿಧ್ವನಿಸದಿರಲೆಂದು ಗೋಡೆಗೆ ಗೋಣಿತಾಟು ಹಾಕಿದ್ದರು, ಬೆಂಕಿಗೆ ಅದೇ ಸಾಕಾಯಿತು. ಧಾರಾವಾಹಿಯ ನಟ, ನಿರ್ದೇಶಕ ಸಂಜಯ್ ಖಾನ್‌ಗೆ ಸುಟ್ಟ ಗಾಯಗಳಾದದ್ದು, ಅವರು ಬದುಕಿ ಬಂದದ್ದು ಎಲ್ಲರ ಬಾಯಲ್ಲೂ ಇದೆ. ಆ 62 ಜನರಲ್ಲಿ ಐದು ಹೆಸರು ಹೇಳುವ ಸಿನಿಮಾ ಹುಚ್ಚರು ನನಗಿನ್ನೂ ಸಿಕ್ಕಿಲ್ಲ. ಅವರು ಕೆಲಸಗಾರರು, ಸಹಾಯಕರು, ಸೆಟ್ಟಿನ ಹುಡುಗರು. ಕನ್ನಡ ಚಿತ್ರರಂಗದ ನೂರಾರು ಸಿನಿಮಾಗಳ ಟೈಟಲ್ ಕಾರ್ಡಿನಲ್ಲಿ ಪ್ರೀಮಿಯರ್ ಹೆಸರಿದೆ, ನಮ್ಮ ಕಪ್ಪು ಬಿಳುಪು ನೆನಪಿನ ಅರ್ಧದಷ್ಟು ಅರಮನೆ, ಕಾಡು, ಹಳ್ಳಿಮನೆ ಅಲ್ಲೇ ಪ್ಲೈವುಡ್ಡಿನಲ್ಲಿ ಎದ್ದು ಬಿದ್ದವು. ಉಳಿದದ್ದು ಬೆಂಕಿಯ ಮಾತು ಮಾತ್ರ, ಅದರಲ್ಲೂ ಸ್ಟಾರ್ ಒಬ್ಬರ ಗಾಯದ ಮಾತು.

ಪರವೂರಿನಲ್ಲಿರುವ ನಮ್ಮ ಚರಿತ್ರೆ

ಇನ್ನೊಂದು ತೊಡಕಿದೆ. ಕನ್ನಡ ಸಿನಿಮಾದ ಹಳೆಯ ವಿಳಾಸಗಳೆಲ್ಲ ಕರ್ನಾಟಕದಲ್ಲಿಲ್ಲ. ಮೊದಲ ಟಾಕಿ ಸತಿ ಸುಲೋಚನ 1934ರ ಮಾರ್ಚ್ 3ರಂದು ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್‌ನಲ್ಲಿ ತೆರೆಗೆ ಬಂತು, ಆದರೆ ಅದು ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ನಿರ್ಮಾಪಕ ಚಮನ್‌ಲಾಲ್ ಡುಂಗಾಜಿ, ನಿರ್ದೇಶಕ ವೈ.ವಿ. ರಾವ್, ಬಣ್ಣ ಹಚ್ಚಿದವರು ಸುಬ್ಬಯ್ಯನಾಯ್ಡು, ನಾಗೇಂದ್ರರಾವ್, ತ್ರಿಪುರಾಂಬ. ಆ ಸಿನಿಮಾದ ಪ್ರತಿ ಇಲ್ಲ, ತೋರಿಸಿದ ಟಾಕೀಸೂ ಇಲ್ಲ. ಮಾರ್ಚ್ 3 ಬಂದಾಗ ವರ್ಷವರ್ಷವೂ ನೆನೆಯುತ್ತೇವೆ, ಹಬ್ಬ ಮಾಡುತ್ತೇವೆ, ಹೋಗಿ ನಿಲ್ಲಲು ಒಂದು ಜಾಗ ಇಲ್ಲ.

ಕೊಲ್ಹಾಪುರದವರು ಈ ವಿಷಯದಲ್ಲಿ ನಮಗಿಂತ ಒಂದು ಹೆಜ್ಜೆ ಮುಂದೆ. ಬಾಬೂರಾವ್ ಪೇಂಟರ್ ತಮ್ಮ ಕೈಯಾರೆ ಸಿನಿಮಾ ಕ್ಯಾಮೆರಾ ಮಾಡಿದ ಊರು ಅದು. ಅಲ್ಲಿನ ಖರಿ ಕಾರ್ನರ್ ಎಂಬಲ್ಲಿ ಕ್ಯಾಮೆರಾಕ್ಕೇ ಒಂದು ಸ್ತಂಭ ನಿಲ್ಲಿಸಿದ್ದಾರೆ. ನಟನ ಪ್ರತಿಮೆ ಎಲ್ಲ ಊರಲ್ಲೂ ಸಿಗುತ್ತದೆ, ಯಂತ್ರಕ್ಕೆ ಕಟ್ಟೆ ಕಟ್ಟಿದವರು ಅಪರೂಪ. ಅದೇ ಊರಿನ ಜಯಪ್ರಭಾ ಸ್ಟುಡಿಯೋ ಮಾರಾಟವಾದ ಸುದ್ದಿ ಬಂದಾಗ ಕಲಾವಿದರು, ತಂತ್ರಜ್ಞರು ಬೀದಿಗೆ ಬಂದು ಕೂತರು. ಭಾಲ್ಜಿ ಪೆಂಢಾರ್ಕರ್ ನಡೆಸಿದ, ಲತಾ ಮಂಗೇಶ್ಕರ್ ಕೈಸೇರಿದ ಜಾಗ ಎಂಬ ದೊಡ್ಡ ಹೆಸರುಗಳ ಬಲ ಅವರಿಗಿತ್ತು, ನಿಜ. ಆದರೂ ಅವರು ಕೂತದ್ದು ಒಂದು ಕೆಲಸದ ಮನೆಗಾಗಿ.

ಚೆನ್ನೈ ಕಥೆ ಇನ್ನೂ ದೊಡ್ಡದು. ಐವತ್ತು ಅರವತ್ತರ ದಶಕದ ಕನ್ನಡ ಸಿನಿಮಾ ಅಂದರೆ ಬಹುಪಾಲು ಕೋಡಂಬಾಕ್ಕಂ, ವಡಪಳನಿ. ನಮ್ಮ ನಟರು ಸಂಸಾರ ಹೂಡಿದ್ದೇ ಅಲ್ಲಿ. ಪುನೀತ್ ಹುಟ್ಟಿದ್ದು 1975ರಲ್ಲಿ, ಮದ್ರಾಸಿನಲ್ಲಿ. ವಿಜಯ ವಾಹಿನಿ ಸ್ಟುಡಿಯೋ ಇದ್ದ ನೆಲದಲ್ಲಿ ಈಗ ಆಸ್ಪತ್ರೆ, ಹೋಟೆಲ್, ಮಾಲ್. ಆ ಮಾಲಿನ ಎಸ್ಕಲೇಟರ್ ಹತ್ತುವವರಿಗೆ ಅದು ತೆಲುಗು ತಮಿಳಿನ ಚರಿತ್ರೆ ಅಂತಲಾದರೂ ಗೊತ್ತಿರಬಹುದು, ಕನ್ನಡದ್ದೂ ಹೌದು ಅಂತ ಗೊತ್ತಿರುವುದು ಕಷ್ಟ. ಹಳೆಯ ತಂತ್ರಜ್ಞರನ್ನು ಕೇಳಿದರೆ ಅವರ ಬಾಯಲ್ಲಿ ಬೆಂಗಳೂರಿಗಿಂತ ಆ ಬೀದಿಗಳೇ ಹೆಚ್ಚು: ಯಾವ ಮೆಸ್ಸಿನಲ್ಲಿ ಸಾಲ ಸಿಗುತ್ತಿತ್ತು, ಯಾವ ಗೇಟಿನ ಕಾವಲುಗಾರ ಕನ್ನಡ ಬಲ್ಲವನಾಗಿದ್ದ. ಚಲನಚಿತ್ರ ಅಕಾಡೆಮಿಯ "ಬೆಳ್ಳಿ ಹೆಜ್ಜೆ"ಯಂಥ ಕಾರ್ಯಕ್ರಮಗಳಲ್ಲಿ ಹಿರಿಯರು ಕೂತು ಮಾತಾಡುವುದು ಒಳ್ಳೆಯ ಕೆಲಸ. ಆದರೆ ವೇದಿಕೆಯ ಮೇಲೆ ಅವರು ಮಾತಾಡುವುದು ಸಿನಿಮಾ ಬಗ್ಗೆ. ಮೆಸ್ಸಿನ ವಿಳಾಸ ಹೇಳಿಸಬೇಕಾದರೆ ಮನೆಗೇ ಹೋಗಿ, ಕಾಫಿ ಕುಡಿದು, ಎರಡನೇ ಕಾಫಿಯವರೆಗೂ ಕೂರಬೇಕು.

ಕಣ್ಣೆದುರೇ ನಿಂತಿರುವ ಒಂದು

ಹೋದದ್ದರ ಪಟ್ಟಿಯನ್ನೇ ಕೊಡುತ್ತಿದ್ದೇನೆ ಅನ್ನಿಸಬಾರದು, ನಿಂತಿರುವುದೂ ಇದೆ. ಮೆಜೆಸ್ಟಿಕ್ಕಿನಿಂದ ಕೆ.ಆರ್. ಸರ್ಕಲ್ ಕಡೆ ಶೇಷಾದ್ರಿ ರಸ್ತೆಯಲ್ಲಿ ಬಂದರೆ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಸಿಗುತ್ತದೆ, ಎಸ್‌ಜೆಪಿ. ನಲವತ್ತರ ದಶಕದಲ್ಲೇ ಅಲ್ಲಿ ಸಿನಿಮಾಟೋಗ್ರಫಿ, ಸೌಂಡ್ ಕಲಿಸುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಹುಟ್ಟುವ ಎಷ್ಟೋ ಮುಂಚೆ, ಮೈಸೂರು ಸಂಸ್ಥಾನದ ಹುಡುಗರು ಇಲ್ಲಿ ಲೆನ್ಸ್ ಉಜ್ಜುತ್ತಿದ್ದರು. ಅವರಲ್ಲೊಬ್ಬರು ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ತರ ಪ್ಯಾಸಾ, ಕಾಗಜ್ ಕೆ ಫೂಲ್‌ಗೆ ಬೆಳಕು ಕೊಟ್ಟವರು. ಎರಡನೆಯದು ಭಾರತದ ಮೊದಲ ಸಿನಿಮಾಸ್ಕೋಪ್. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಮುಂದೆ 1962ರಲ್ಲಿ ಗೋವಿಂದ ನಿಹಲಾನಿ ಇಲ್ಲಿಂದಲೇ ಕಲಿತು ಹೊರಬಿದ್ದರು. ಸಿನಿಮಾ ಕೋರ್ಸು ಆಮೇಲೆ ಹೆಸರಘಟ್ಟದ ಸರ್ಕಾರಿ ಸಂಸ್ಥೆಗೆ ಹೋಯಿತು.

ಒಂದು ಮಧ್ಯಾಹ್ನ ಆ ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದ ಹುಡುಗರನ್ನು ಮಾತಿಗೆಳೆದೆ. ಡಿಪ್ಲೊಮಾ ಹುಡುಗರು, ಬೆನ್ನಿಗೆ ಬ್ಯಾಗು, ಕೈಯಲ್ಲಿ ಡ್ರಾಯಿಂಗ್ ಶೀಟಿನ ಕೊಳವೆ. ನಿಮ್ಮ ಕಾಲೇಜಿನಲ್ಲಿ ಫಾಲ್ಕೆ ಪ್ರಶಸ್ತಿ ಬಂದವರು ಓದಿದ್ದಾರೆ ಗೊತ್ತಾ ಅಂದೆ. ಒಬ್ಬ "ಸುಮ್ನಿರಿ ಸಾರ್" ಅಂದ. ಇನ್ನೊಬ್ಬ ತಕ್ಷಣ ಫೋನು ತೆಗೆದು ಕಾಗಜ್ ಕೆ ಫೂಲ್‌ನ ಆ ಪ್ರಸಿದ್ಧ ದೃಶ್ಯ ಹುಡುಕಿದ. ಖಾಲಿ ಸ್ಟುಡಿಯೋದ ಕತ್ತಲಲ್ಲಿ ಮೇಲಿನಿಂದ ಕಂಬದಂತೆ ಇಳಿಯುವ ಬೆಳಕು, ಅದರ ಎರಡು ಬದಿಯಲ್ಲಿ ಗುರುದತ್, ವಹೀದಾ. ಬಿಸಿಲಿಗೆ ಫೋನಿನ ಪರದೆ ಸರಿಯಾಗಿ ಕಾಣದೆ ಮೂವರೂ ಸೇರಿ ಡ್ರಾಯಿಂಗ್ ಶೀಟನ್ನು ಮರೆಯಾಗಿ ಹಿಡಿದು ನೋಡಿದರು. "ಇದನ್ನ ಹೆಂಗ್ ಮಾಡಿದ್ರು ಸಾರ್, ಸಿಜಿ ಇರ್ಲಿಲ್ವಲ್ಲ?" ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಒಳಗೆ ಬಿಟ್ಟರಂತೆ, ಒಂದು ಕನ್ನಡಿ ಹೊರಗೆ, ಇನ್ನೊಂದು ಮೇಲೆ ಅಂತ ಗೊತ್ತಿದ್ದಷ್ಟು ಹೇಳಿದೆ. ಅವರು ಮೆಕ್ಯಾನಿಕಲ್ ಹುಡುಗರು, ಕೋನದ ಲೆಕ್ಕಕ್ಕೆ ಇಳಿದೇಬಿಟ್ಟರು. ಸೂರ್ಯ ಸರಿದ ಹಾಗೆ ಹೊರಗಿನ ಕನ್ನಡಿಯನ್ನು ಒಬ್ಬ ತಿರುಗಿಸುತ್ತಲೇ ಇರಬೇಕಾಗಿತ್ತು ಅಲ್ವಾ ಸಾರ್ ಅಂತ ಅವರೇ ಕಂಡುಹಿಡಿದರು. ಕನ್ನಡಿ ಹಿಡಿದ ಆ ಒಬ್ಬನ ಬಗ್ಗೆ ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಏನನ್ನು ಉಳಿಸೋಣ ಅಂದರೆ

ಕಟ್ಟಡ ಉಳಿಸಿ ಅಂತ ಮಾಲೀಕರಿಗೆ ಉಪದೇಶ ಮಾಡುವುದು ಸುಲಭ. ಖಾಲಿ ಸೀಟುಗಳಿಗೆ ದಿನಕ್ಕೆ ನಾಲ್ಕು ಆಟ ಓಡಿಸಿ, ಕರೆಂಟು ಬಿಲ್ಲು, ಸಂಬಳ, ತೆರಿಗೆ ಕಟ್ಟಿದವರ ಹತ್ತಿರ ಹೋಗಿ "ನಮ್ಮ ನೆನಪಿಗೋಸ್ಕರ ಇನ್ನೊಂದಷ್ಟು ವರ್ಷ ನಷ್ಟ ಅನುಭವಿಸಿ" ಅನ್ನಲು ನನಗೆ ಬಾಯಿ ಬರುವುದಿಲ್ಲ. ಕೆ.ಜಿ. ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ಬಂಗಾರದ ಮನುಷ್ಯ ಎರಡು ವರ್ಷ ಓಡಿತು ಅಂತ ನಾವು ಹೆಮ್ಮೆಯಿಂದ ಹೇಳುತ್ತೇವೆ. 1972ರ ಆ ಜನಸಾಗರ ಈಗ ಯಾವ ಟಾಕೀಸಿನ ಮಾಲೀಕನಿಗೂ ಸಿಗುವುದಿಲ್ಲ.

ಹಾಗಂತ ಉಳಿಸಲು ಆಗುವುದೇ ಇಲ್ಲ ಅಂತಲೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣವನ್ನು ನೋಡಿ. ಶಂಕರ್‌ನಾಗ್ ಮಾಲ್ಗುಡಿ ಡೇಸ್ ಧಾರಾವಾಹಿಗೆ ಬಳಸಿಕೊಂಡ ಹಳೆಯ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರ ಕೈಯೇ ಅಲ್ಲಿಯೂ ಆಡಿತು. ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ವಿಚಿತ್ರ ನೋಡಿ, ನಕ್ಷೆಯಲ್ಲೇ ಇಲ್ಲದ ಮಾಲ್ಗುಡಿ ಎಂಬ ಊರಿಗೆ ನಮ್ಮಲ್ಲಿ ಮ್ಯೂಸಿಯಂ ಇದೆ. ಮದ್ರಾಸಿನ ದಾರಿ ತಪ್ಪಿಸಲೆಂದು ಅದೇ ಶಂಕರ್‌ನಾಗ್ ಅಣ್ಣನ ಜೊತೆ ಸೇರಿ ಬೆಂಗಳೂರಿನಲ್ಲಿ ಕಟ್ಟಿದ ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ನೋಡಲು ಯಾರೂ ಪ್ರವಾಸ ಹೊರಡುವುದಿಲ್ಲ. ಸಿನಿಮಾದಲ್ಲಿ ಕಂಡ ಜಾಗ ಪ್ರವಾಸಿ ತಾಣ ಆಗುತ್ತದೆ. ಸಿನಿಮಾ ಆದ ಜಾಗ ಗೋಡೌನ್ ಆಗುತ್ತದೆ.

ಫಿಲಂ ಉಳಿಸುವ ಕೆಲಸದಲ್ಲಿ ಸ್ವಲ್ಪ ದಾರಿ ಕಂಡಿದೆ. ಗಿರೀಶ ಕಾಸರವಳ್ಳಿಯವರ 1977ರ ಘಟಶ್ರಾದ್ಧ ಜೀರ್ಣೋದ್ಧಾರಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿತು. ಮೂಲ ನೆಗೆಟಿವ್ ಪುಣೆಯ ಚಲನಚಿತ್ರ ಭಂಡಾರದಲ್ಲಿ ಇದ್ದದ್ದರಿಂದ ಅದು ಸಾಧ್ಯವಾಯಿತು. ಹಾಗೆ ಪುಣೆ ಮುಟ್ಟದ ನೆಗೆಟಿವುಗಳು ಲ್ಯಾಬಿನ ಬಾಕಿ ತೀರದೆ ಕೊಳೆತವು, ಹಳೆಯ ಪ್ರಿಂಟುಗಳು ಬೆಳ್ಳಿ ತೆಗೆಯುವವರ ಪಾಲಾದವು. ಹೆಚ್ಚು ಖರ್ಚಿಲ್ಲದೆ ಈಗಲೂ ಕೈಗೆ ಸಿಗುವುದು ಕಾಗದ: ಡಿಸಿಆರ್ ಪುಸ್ತಕಗಳು, ಕಾಲ್‌ಶೀಟ್‌ಗಳು, ಏರಿಯಾ ಮಾರಾಟದ ಒಪ್ಪಂದಗಳು, ಬಾಡಿಗೆ ರಸೀತಿ, ಲೆಟರ್‌ಹೆಡ್. ಒಂದು ಲೆಟರ್‌ಹೆಡ್ ಸಿಕ್ಕರೆ ಬಾಗಿಲ ನಂಬರ್ ಸಿಕ್ಕ ಹಾಗೆ. ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣರಂಥ ಸ್ಟಿಲ್ ಫೋಟೋಗ್ರಾಫರ್‌ಗಳು ತೆಗೆದ ಚಿತ್ರಗಳಲ್ಲಿ ನಾವು ನೋಡುವುದು ನಟರ ಮುಖ. ಅದೇ ಚಿತ್ರದ ಹಿನ್ನೆಲೆಯಲ್ಲಿ ಬೀದಿ ಇದೆ, ಅಂಗಡಿ ಬೋರ್ಡು ಇದೆ, ರಿಫ್ಲೆಕ್ಟರ್ ಹಿಡಿದವನ ಅರ್ಧ ಭುಜ ಇದೆ. ಪತ್ರಿಕೆಗೆ ಕೊಡುವಾಗ ಕತ್ತರಿಸಿ ತೆಗೆಯುತ್ತಿದ್ದ ಅಂಚು ಅದು. ನನಗೆ ಈಗ ಬೇಕಿರುವುದು ಆ ಅಂಚು.

ಹೀಗೆ ಗಾಂಧಿನಗರದ ಒಂದು ನಕ್ಷೆ ಮಾಡೋಣ ಅಂತ ಯಜಮಾನರಿಗೆ ಹೇಳಿದೆ. ಕ್ರಾಸ್ ಕ್ರಾಸ್ ಹಿಡಿದು, ಯಾವ ಮಹಡಿಯಲ್ಲಿ ಯಾರ ಆಫೀಸು, ಯಾವ ವರ್ಷದಿಂದ ಯಾವ ವರ್ಷದವರೆಗೆ. ಸಾಧ್ಯವಾದ ಕಡೆ ಮಾಲೀಕರನ್ನು ಕೇಳಿ ಒಂದು ಸಣ್ಣ ಫಲಕ. ಅವರಿಗೆ ಫಲಕದಲ್ಲಿ ನಂಬಿಕೆ ಇಲ್ಲ. "ಕಟ್ಟಡ ಬೀಳಿಸ್ದಾಗ ಫಲಕಾನೂ ಗುಜರಿಗೇ ಹೋಗೋದು. ಬರ್ಕೊಳ್ಳಿ, ಅಷ್ಟೆ. ಬರ್ದಿದ್ದು ಉಳಿಯತ್ತೆ." ಬರೆದದ್ದು ಅವರ ಹತ್ತಿರವೇ ಇದೆ ಅಂತ ಗೊತ್ತಾದದ್ದು ಆಗಲೇ. ಕೆಲಸಕ್ಕೆ ಸೇರಿದಂದಿನಿಂದ ವರ್ಷಕ್ಕೊಂದು ಡೈರಿ. ಯಾವ ಊರು, ಯಾವ ಟಾಕೀಸು, ಯಾವ ಆಟಕ್ಕೆ ಎಷ್ಟು, ವಾಪಸ್ ಬಂದು ಯಾರ ಆಫೀಸಿನಲ್ಲಿ ದುಡ್ಡು ಎಣಿಸಿದ್ದು, ಎಲ್ಲ ಇದೆ. ಕೊಡಿ ಸರ್, ಫೋಟೋ ತೆಗೆದುಕೊಂಡು ಹಾಗೇ ವಾಪಸ್ ಕೊಡುತ್ತೇನೆ ಅಂದೆ. ತಲೆ ಅಲ್ಲಾಡಿಸಿದರು. ಅವರು ಆಣೆ ಪೈಸೆ ಸಮೇತ ಬರೆದಿಟ್ಟ ಕಲೆಕ್ಷನ್‌ಗೂ, ಅದೇ ಸಿನಿಮಾದ ಶತದಿನೋತ್ಸವದ ಪೋಸ್ಟರಿಗೂ ತಾಳೆ ಆಗುವುದಿಲ್ಲವಂತೆ. ಕೊನೆಯ ಮೂವತ್ತು ನಲವತ್ತು ದಿನ ನಿರ್ಮಾಪಕರೇ ಟಿಕೆಟ್ ಕೊಂಡು ಓಡಿಸಿದ ಸಿನಿಮಾಗಳು ಅದರಲ್ಲಿ ಹೆಸರು ಸಮೇತ ಇವೆ. "ಅವ್ರಲ್ಲಿ ಕೆಲವ್ರು ಇನ್ನೂ ಬದುಕಿದಾರೆ ಕಣ್ರೀ, ಮದ್ವೆ ಮುಂಜಿಗೆ ಕರೀತಾರೆ, ಹೋಗಿ ಊಟ ಮಾಡಿ ಬರ್ತೀನಿ. ಅವ್ರ ಕಾಲ ಆಗ್ಲಿ, ಆಮೇಲೆ ನೋಡೋಣ."

ನಿಮಗಿಂತ ಆ ನಿರ್ಮಾಪಕರು ಚಿಕ್ಕವರಲ್ಲವೇ ಸರ್ ಅಂದೆ. ಅದಕ್ಕೂ ಅವರು ನಗಲಿಲ್ಲ. ಕೊನೆಗೆ ಒಂದು ರಾಜಿ ಆಗಿದೆ: ಡೈರಿ ಅವರ ಕೈಯಲ್ಲೇ ಇರುತ್ತದೆ, ಅಂಕಿ ಇರುವ ಕಾಲಂ ಮೇಲೆ ಸ್ಕೇಲ್ ಇಟ್ಟು ಮುಚ್ಚಿಕೊಂಡು ಊರು, ಟಾಕೀಸು, ಆಫೀಸಿನ ವಿಳಾಸ ಮಾತ್ರ ಓದಿ ಹೇಳುತ್ತಾರೆ, ನಾನು ಬರೆದುಕೊಳ್ಳಬೇಕು. ಹಳೆಯ ಡೈರಿಯಿಂದ ಶುರು ಮಾಡಿದ್ದೇವೆ. ಹಾಸನಕ್ಕೆ ಬರುವ ಹೊತ್ತಿಗೆ ಸ್ಕೇಲ್ ಸ್ವಲ್ಪ ಜಾರುತ್ತಿದೆ, ನಾನು ಸುಮ್ಮನಿದ್ದೇನೆ.